ಲಿನಕ್ಸ್‌ನಲ್ಲಿ ಹಳೆಯ ಹಾಡುಗಳ ಹುಡುಕಾಟ

ಓದುಗರ ಪ್ರಶ್ನೆ:

ನಾನು ಸಾಗರದ ಕಡೆಯ ನಿವೃತ್ತ ಶಿಕ್ಷಕ. ವಿಂಡೋಸ್ 10ಕ್ಕೆ ಬೆಂಬಲ ನಿಂತಿತೆಂದು ಮೊಮ್ಮಗ ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದಾನೆ. ಹದಿನೈದು ವರ್ಷಗಳ ಹಿಂದೆ ಲೈಮ್‌ವೈರ್‌ನಲ್ಲಿ ಹೆಸರು ಬರೆದರೆ ಹಾಡು ಬರುತ್ತಿತ್ತು. ಈಗ ಆ ಹೆಸರಿನಲ್ಲಿ ಹುಡುಕಿದರೆ ಗುರುತಿಲ್ಲದ ತಾಣಗಳು ಎದುರಾಗುತ್ತವೆ. ಪರಿಚಿತರೊಬ್ಬರು ನಿಕೋಟಿನ್ ಪ್ಲಸ್ ಎಂಬ ಕಡತ ಹಂಚಿಕೆಯ ತಂತ್ರಾಂಶವನ್ನು ಹಾಕಿಕೊಳ್ಳಿ ಎಂದರು. ‘ಲಿನಕ್ಸ್‌ಗೆ ವೈರಸ್ ಬರುವುದಿಲ್ಲ, ಏನನ್ನಾದರೂ ಇಳಿಸಿಕೊಳ್ಳಿ’ ಎಂದೂ ಹೇಳಿದರು. ನನಗೆ ಬೇಕಾಗಿರುವುದು ಹಳೆಯ ರಂಗಗೀತೆಗಳು, ಕಾಳಿಂಗರಾಯರ ಕಾಲದ ಭಾವಗೀತೆಗಳು ಮತ್ತು 1970–80ರ ದಶಕದ ಕಛೇರಿಗಳು. ಕನ್ನಡದಲ್ಲಿ ಬರೆದು ಹುಡುಕಿದರೆ ಒಂದೂ ಸಿಗಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಸಿಕ್ಕ ಎರಡು ಮೂರು ಹಾಡುಗಳು ವಾರದಿಂದ ‘ಸರದಿಯಲ್ಲಿದೆ’ ಎಂದೇ ತೋರಿಸುತ್ತಿವೆ. ಹಂಚಿಕೆಗೆ ಫೋಲ್ಡರ್ ಕೇಳಿದಾಗ ನಾನು ಹೋಮ್ ಫೋಲ್ಡರನ್ನೇ ಕೊಟ್ಟಿದ್ದೇನೆ. ಜರ್ಮನಿಯಲ್ಲಿರುವ ಮಗ ಟೊರೆಂಟ್‌ನಲ್ಲಿ ಇಳಿಸಿ ಕಳುಹಿಸುತ್ತೇನೆ ಎನ್ನುತ್ತಾನೆ. ಇವೆಲ್ಲ ಸುರಕ್ಷಿತವೇ, ಕಾನೂನಿಗೆ ಒಪ್ಪುವಂಥವೇ? ನಾನೇ ಧ್ವನಿಮುದ್ರಿಸಿಕೊಂಡ ನಲವತ್ತು ಕ್ಯಾಸೆಟ್ಟುಗಳಿವೆ. ಅವನ್ನು ಇತರರಿಗೆ ಕೊಡಬಹುದೇ?

ಉತ್ತರ:

ಉಳಿದ ಮಾತಿಗೆ ಬರುವ ಮೊದಲು ಒಂದು ಕೆಲಸವನ್ನು ದಯವಿಟ್ಟು ಈಗಲೇ ಮಾಡಿ. ನಿಕೋಟಿನ್ ಪ್ಲಸ್‌ನ ಆದ್ಯತೆಗಳಲ್ಲಿ ಹಂಚಿಕೆಯ ವಿಭಾಗವನ್ನು ತೆರೆದು, ಪಟ್ಟಿಯಲ್ಲಿರುವ ಹೋಮ್ ಫೋಲ್ಡರನ್ನು ತೆಗೆದುಹಾಕಿ, ಹಂಚಿಕೆಯನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರ್ ಎಂದರೆ ನಿಮ್ಮ ಹೆಸರಿನಲ್ಲಿರುವ ಸಕಲವೂ ಹೌದು. ಪಿಂಚಣಿಯ ಕಾಗದಗಳು, ಆಧಾರ್ ಪ್ರತಿ, ಬ್ಯಾಂಕಿನಿಂದ ಬಂದ ಪಿಡಿಎಫ್‌ಗಳು, ಮನೆಯವರ ಫೋಟೋಗಳು ಎಲ್ಲವೂ ಅದರ ಒಳಗೇ ಇರುತ್ತವೆ. ಆ ಫೋಲ್ಡರನ್ನು ಹಂಚಿದರೆ ಜಾಲದಲ್ಲಿರುವ ಯಾವುದೇ ಅಪರಿಚಿತ ವ್ಯಕ್ತಿ ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ, ಅವುಗಳ ಪಟ್ಟಿಯನ್ನು ಓದಿ, ಬೇಕಾದದ್ದನ್ನು ಕೊಂಡೊಯ್ಯಬಹುದು. ಇದು ಯಾರೋ ಒಳನುಗ್ಗಿ ಮಾಡುವ ಕಳವಲ್ಲ, ತಂತ್ರಾಂಶ ತನಗೆ ಹೇಳಿದ ಕೆಲಸವನ್ನೇ ಮಾಡುತ್ತಿರುತ್ತದೆ. ಲೈಮ್‌ವೈರ್ ಇದ್ದ ಕಾಲದಲ್ಲಿಯೂ ಜನರು ಮೋಸಹೋದದ್ದು ಹೆಚ್ಚಾಗಿ ಹೀಗೆಯೇ. 2010ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಮಾರು 100 ಸಂಸ್ಥೆಗಳಿಗೆ ಪತ್ರ ಬರೆದು, ಅವರ ಗ್ರಾಹಕರ ಮತ್ತು ನೌಕರರ ಮಾಹಿತಿ ಕಡತ ಹಂಚಿಕೆಯ ಜಾಲಗಳಲ್ಲಿ ಸೋರಿಹೋಗಿದೆ ಎಂದು ಎಚ್ಚರಿಸಬೇಕಾಯಿತು. ಅಂಥ ಸೋರಿಕೆಗೆ ತಪ್ಪಾಗಿ ಹಂಚಿದ ಒಂದು ಫೋಲ್ಡರ್ ಸಾಕು. ಗಣಕ ವ್ಯವಸ್ಥೆಗಳನ್ನು ನೋಡಿಕೊಳ್ಳುವ ನನ್ನ ಕೆಲಸದಲ್ಲಿ ಕಂಡ ಇಂಥ ಅನಾಹುತಗಳಲ್ಲಿ ವೈರಸ್ಸಿನ ಪಾಲು ಕಡಿಮೆ, ಅವಸರದಲ್ಲಿ ಒತ್ತಿದ ಒಂದು ‘ಸರಿ’ ಗುಂಡಿಯ ಪಾಲೇ ಹೆಚ್ಚು. ಸಂಗೀತಕ್ಕೆಂದೇ ಹೊಸದೊಂದು ಫೋಲ್ಡರ್ ಮಾಡಿ, ಹಂಚಲು ಅಡ್ಡಿಯಿಲ್ಲವೆಂದು ನಿಮಗೆ ಖಚಿತವಿರುವುದನ್ನು ಮಾತ್ರ ಅದರಲ್ಲಿ ಇಟ್ಟು, ಅದೊಂದನ್ನೇ ಹಂಚಿಕೊಳ್ಳಿ. ಇನ್ನೂ ಭದ್ರತೆ ಬೇಕಿದ್ದರೆ ಮಿಂಟ್‌ನಲ್ಲಿ ಇದಕ್ಕಾಗಿಯೇ ಬೇರೊಂದು ಬಳಕೆದಾರ ಖಾತೆಯನ್ನು ತೆರೆಯಬಹುದು. ಹಾಗೆ ಮಾಡುವಾಗ ನಿಮ್ಮ ಮುಖ್ಯ ಖಾತೆಯ ಹೋಮ್ ಫೋಲ್ಡರನ್ನು ಬೇರೆ ಖಾತೆಗಳು ಓದಲಾಗದಂತೆ ಅದರ ಅನುಮತಿಗಳನ್ನೂ ಬಿಗಿಮಾಡಬೇಕು.

ಲೈಮ್‌ವೈರ್ ಈಗೇಕೆ ಇಲ್ಲ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ, ಇಂದು ಎಲ್ಲಿ ಹುಡುಕಬೇಕು ಎಂಬುದು ಸ್ಪಷ್ಟವಾಗುತ್ತದೆ. 1999ರಲ್ಲಿ ಬಂದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಜನರ ಗಣಕಗಳಲ್ಲಿಯೇ ಇರುತ್ತಿದ್ದವು, ಆದರೆ ಯಾರ ಬಳಿ ಏನಿದೆ ಎಂಬ ಪಟ್ಟಿ ಕಂಪನಿಯ ಸರ್ವರ್‌ನಲ್ಲಿತ್ತು. ನ್ಯಾಯಾಲಯದ ಆದೇಶದಿಂದ 2001ರಲ್ಲಿ ಆ ಪಟ್ಟಿ ಮುಚ್ಚಿದಾಗ ಜಾಲವೂ ಮುಚ್ಚಿತು. ಅದರ ನಡುವೆಯೇ, 2000ದಲ್ಲಿ, ಕೇಂದ್ರದ ಪಟ್ಟಿಯೇ ಇಲ್ಲದ ನ್ಯುಟೆಲ್ಲಾ ಹುಟ್ಟಿತ್ತು. ಪ್ರತಿ ಗಣಕವೂ ತನ್ನ ನೆರೆಯ ಗಣಕಗಳನ್ನು ಕೇಳಿ, ಅವು ತಮ್ಮ ನೆರೆಯವನ್ನು ಕೇಳಿ, ಬಾಯಿಂದ ಬಾಯಿಗೆ ಸುದ್ದಿ ಹೋಗುವಂತೆ ಹುಡುಕಾಟ ಹಬ್ಬುತ್ತಿತ್ತು. ನೀವು ಬಳಸಿದ ಲೈಮ್‌ವೈರ್ ಈ ಜಾಲಕ್ಕೆ ಜಾವಾ ಭಾಷೆಯಲ್ಲಿ ಬರೆದ ತಂತ್ರಾಂಶ. ಜಾವಾ ಆದ್ದರಿಂದಲೇ ಅದು ಲಿನಕ್ಸ್‌ನಲ್ಲಿಯೂ ಓಡುತ್ತಿತ್ತು. 2010ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯಾಲಯವೊಂದು ಅದರ ವಿತರಣೆಯನ್ನು ನಿಲ್ಲಿಸಿತು. ಈಗ ಆ ಹೆಸರು ಬೇರೆಯವರ ಕೈಸೇರಿದ್ದು, ಅವರ ಸೇವೆಗೂ ಹಳೆಯ ತಂತ್ರಾಂಶಕ್ಕೂ ಸಂಬಂಧವಿಲ್ಲ. ‘ಲಿನಕ್ಸ್‌ಗಾಗಿ ಲೈಮ್‌ವೈರ್’ ಎಂದು ಎಲ್ಲಿಯಾದರೂ ಕಂಡರೆ ಅದನ್ನು ಮುಟ್ಟಬೇಡಿ.

ಇಲ್ಲಿಯೇ ನಿಮ್ಮ ಪರಿಚಿತರ ವೈರಸ್ಸಿನ ಮಾತನ್ನೂ ನೋಡಿಬಿಡೋಣ. ಅದು ಅರ್ಧ ಸತ್ಯ. ಹಾಡಿನ ಹೆಸರು ಹೊತ್ತ ವಿಂಡೋಸ್‌ನ ಎಕ್ಸಿಕ್ಯೂಟಬಲ್ ಕಡತವನ್ನು ಲಿನಕ್ಸ್‌ನಲ್ಲಿ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಏನೂ ನಡೆಯುವುದಿಲ್ಲ. ಅದೂ ಅಲ್ಲದೆ, ಇಳಿಸಿಕೊಂಡ ಕಡತಕ್ಕೆ ‘ಓಡುವ ಅನುಮತಿ’ಯನ್ನು ನೀವೇ ಕೊಡುವ ತನಕ ಅದು ಬರಿಯ ದತ್ತಾಂಶವಾಗಿಯೇ ಉಳಿಯುತ್ತದೆ. ಆದರೆ ಮೊಮ್ಮಗ ವಿಂಡೋಸ್ ಆಟಗಳಿಗಾಗಿ ವೈನ್ ಎಂಬ ತಂತ್ರಾಂಶ ಹಾಕಿದ್ದರೆ ಅದೇ ಕ್ಲಿಕ್ಕು ಆ ಕಡತವನ್ನು ಓಡಿಸಬಹುದು, ಮತ್ತು ವೈನ್ ಒಳಗಿನಿಂದ ನಿಮ್ಮ ಹೋಮ್ ಫೋಲ್ಡರ್ ಸಾಮಾನ್ಯವಾಗಿ ಕಾಣುತ್ತಿರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಹಾಡಿಗಿಂತ ಮೊದಲೇ, ತಂತ್ರಾಂಶವನ್ನು ತರುವ ಹಂತದಲ್ಲಿಯೇ ಇದೆ. ಯಾವುದೋ ತಾಣದಿಂದ ತಂದ ಡೆಬ್ ಪೊಟ್ಟಣವನ್ನು (ಮಿಂಟ್‌ಗೆ ತಂತ್ರಾಂಶ ಹಾಕುವ ಕಡತವನ್ನು) ಸ್ಥಾಪಿಸಲು ನೀವು ಪಾಸ್‌ವರ್ಡ್ ಕೊಟ್ಟ ಕ್ಷಣದಲ್ಲಿ, ಅದರೊಳಗಿನ ಆದೇಶಗಳು ಇಡೀ ವ್ಯವಸ್ಥೆಯ ಒಡೆಯನ ಅಧಿಕಾರದಲ್ಲಿ ಓಡುತ್ತವೆ. ಅಲ್ಲಿ ಲಿನಕ್ಸ್‌ನ ಯಾವ ಕಾವಲೂ ನಡೆಯದು, ಏಕೆಂದರೆ ಬಾಗಿಲು ತೆರೆದವರು ನೀವೇ. ಆದ್ದರಿಂದ ನಿಕೋಟಿನ್ ಪ್ಲಸ್ ಇರಲಿ, ಟೊರೆಂಟ್ ಇಳಿಸುವ ಟ್ರಾನ್ಸ್‌ಮಿಷನ್, ಕ್ಯೂಬಿಟ್‌ಟೊರೆಂಟ್ ಇರಲಿ, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್ ಮೂಲಕವೇ ಹಾಕಿಕೊಳ್ಳಿ. ಇಳಿಸಿದ ಹಾಡನ್ನು ತೆರೆಯುವ ಮೊದಲು ಅದರ ಗಾತ್ರವನ್ನು ನೋಡುವ ಅಭ್ಯಾಸವಿರಲಿ. 128 ಕಿಲೋಬಿಟ್ ದರದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು ಒಂದು ಎಂಬಿ ತೂಗುತ್ತದೆ. ಐದು ನಿಮಿಷದ ಕೀರ್ತನೆ ಮುನ್ನೂರು ಕೆಬಿ ಇದ್ದರೆ ಅದು ಕೀರ್ತನೆಯಲ್ಲ. ಬಿಚ್ಚಲು ಪಾಸ್‌ವರ್ಡ್ ಬೇಕು, ಅದಕ್ಕೆ ಇನ್ನೊಂದು ತಾಣಕ್ಕೆ ಹೋಗಿ ಎನ್ನುವ ಜಿಪ್ ಕಡತಗಳನ್ನು ಹಿಂದೆಮುಂದೆ ನೋಡದೆ ಅಳಿಸಿಹಾಕಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಹುಡುಕಿದರೆ ಏಕೆ ಸಿಗುತ್ತಿಲ್ಲ?

ನಿಕೋಟಿನ್ ಪ್ಲಸ್ ಎಂಬುದು ಸೋಲ್‌ಸೀಕ್ ಜಾಲಕ್ಕೆ ಲಿನಕ್ಸ್ ಬಳಕೆದಾರರು ಬರೆದುಕೊಂಡ ಮುಕ್ತ ತಂತ್ರಾಂಶ. ಈ ಜಾಲದಲ್ಲಿ ಹುಡುಕಾಟವು ಹಾಡಿನ ಒಳಗನ್ನು ನೋಡುವುದಿಲ್ಲ. ಆ ಹೊತ್ತಿಗೆ ಜಾಲದಲ್ಲಿರುವ ಜನರ ಹಂಚಿಕೆಯಲ್ಲಿ ಕಡತದ ಹೆಸರು ಮತ್ತು ಅದನ್ನು ಇಟ್ಟ ಫೋಲ್ಡರ್‌ಗಳ ಹೆಸರುಗಳಲ್ಲಿ ನೀವು ಬರೆದ ಎಲ್ಲ ಪದಗಳೂ ಇವೆಯೇ ಎಂದಷ್ಟೇ ನೋಡುತ್ತದೆ. ಅಂದರೆ ಯಾರೋ ಇಪ್ಪತ್ತು ವರ್ಷಗಳ ಹಿಂದೆ ಸಿ.ಡಿ.ಯಿಂದ ಹಾಡು ತೆಗೆಯುವಾಗ ಏನು ಬರೆದರೋ ಅದೇ ನಿಮ್ಮ ಹಣೆಬರಹ. ಆಗ ಕನ್ನಡ ಯೂನಿಕೋಡ್ ಬಳಕೆ ಬಹಳ ಕಡಿಮೆಯಿತ್ತು. ಬಹುಪಾಲು ಜನ ಇಂಗ್ಲಿಷ್ ಅಕ್ಷರಗಳಲ್ಲಿ ತಮಗೆ ತೋಚಿದಂತೆ ಬರೆದರು. ಕೆಲವರು ನುಡಿ, ಬರಹಗಳ ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದರು, ಅವು ಇಂದು ನಿಮ್ಮ ಮಿಂಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಹಾಡಿನೊಳಗಿನ ವಿವರಪಟ್ಟಿಯ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಅಕ್ಷರಗಳಷ್ಟೇ ಜಾಗವಿತ್ತಾದ್ದರಿಂದ, ಆ ವಿವರದಿಂದ ಹೆಸರಿಟ್ಟ ಕಡತಗಳಲ್ಲಿ ದಾಸರ ಪದದ ಪಲ್ಲವಿಯೂ ನಡುವೆಯೇ ಕತ್ತರಿಸಿಹೋಗಿರುತ್ತದೆ.

ಹೀಗಾಗಿ ‘ಪುರಂದರದಾಸ’ ಎಂಬ ಒಂದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕಾರು ಬಗೆಯಲ್ಲಿ ಹುಡುಕಬೇಕಾಗುತ್ತದೆ: ಎರಡು ಪದಗಳಾಗಿ ಬಿಡಿಸಿ, ಒಂದಾಗಿ ಕೂಡಿಸಿ, ದೀರ್ಘಕ್ಕೆ ‘ಎ’ ಅಕ್ಷರವನ್ನು ಎರಡು ಬಾರಿ ಬರೆದು, ಒಮ್ಮೆ ಮಾತ್ರ ಬರೆದು. ತಮಿಳಿನವರು ಬರೆದ ಕಡೆ ‘ತ’ಕಾರಕ್ಕೆ ‘ಟಿ’ಯ ಜೊತೆ ‘ಎಚ್’ ಸೇರಿರುವುದು ಸಾಮಾನ್ಯ, ನಮ್ಮವರಲ್ಲಿ ಎರಡೂ ರೂಢಿಯಲ್ಲಿವೆ. ಕಛೇರಿಗಳನ್ನು ಹುಡುಕುವಾಗ ಹಾಡಿನ ಸಾಲಿಗಿಂತ ರಾಗದ ಹೆಸರು ಮತ್ತು ಗಾಯಕರ ಹೆಸರಿನ ಒಂದೇ ಒಂದು ಭಾಗ ಹೆಚ್ಚು ಕೆಲಸಕ್ಕೆ ಬರುತ್ತದೆ. ಪದಗಳು ಹೆಚ್ಚಾದಷ್ಟೂ ಫಲಿತಾಂಶ ಕಡಿಮೆಯಾಗುತ್ತದೆ ಎಂಬುದನ್ನು ನೆನಪಿಡಿ. ಗೂಗಲ್‌ನ ಅಭ್ಯಾಸದಿಂದ ನಾವು ಉದ್ದದ ವಾಕ್ಯ ಬರೆಯುತ್ತೇವೆ, ಇಲ್ಲಿ ಅದು ತಿರುಗುಬಾಣವಾಗುತ್ತದೆ. ಬೇಡದ ಫಲಿತಾಂಶಗಳು ಹೆಚ್ಚು ಬಂದರೆ, ಬೇಡದ ಪದದ ಆರಂಭಕ್ಕೆ ಅಂಟಿಕೊಂಡಂತೆ ಒಂದು ಕಳೆಯುವ ಚಿಹ್ನೆ ಹಾಕಿದರೆ ಅವು ಬದಿಗೆ ಸರಿಯುತ್ತವೆ. ಹಾಗೆಯೇ, ಹುಡುಕಿದ ಹೊತ್ತಿನಲ್ಲಿ ಆ ಸಂಗ್ರಹಕಾರರು ಜಾಲದಲ್ಲಿ ಇಲ್ಲದಿದ್ದರೆ ಅವರ ಹಾಡುಗಳೂ ಇಲ್ಲ. ಅದಕ್ಕಾಗಿ ವಿಶ್‌ಲಿಸ್ಟ್ ಎಂಬ ಸೌಲಭ್ಯವಿದೆ. ಅದರಲ್ಲಿ ಬರೆದಿಟ್ಟ ಪದಗಳನ್ನು ತಂತ್ರಾಂಶ ಆಗಾಗ ತಾನೇ ಹುಡುಕುತ್ತಿರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರೊಬ್ಬರು ತಮ್ಮ ಸಂಜೆ ಗಣಕ ತೆರೆದಾಗ ನಮಗಿಲ್ಲಿ ಬೆಳಗಿನ ಜಾವವಾಗಿರುತ್ತದೆ. ಅಪರೂಪದ ಹಾಡುಗಳು ಅಂಥ ಹೊತ್ತಿನಲ್ಲಿ ಸಿಗುವುದುಂಟು.

ಇಷ್ಟೆಲ್ಲ ಹೇಳಿದರೂ, ನನ್ನ ಅನುಭವದಲ್ಲಿ ಈ ಜಾಲದ ನಿಜವಾದ ಹುಡುಕಾಟ ಪೆಟ್ಟಿಗೆಯಲ್ಲಿ ಪದ ಬರೆಯುವುದರಲ್ಲಿ ಇಲ್ಲ. ನಿಮ್ಮ ಅಭಿರುಚಿಗೆ ಹೊಂದುವ ಒಂದೇ ಒಂದು ಹಾಡು ಸಿಕ್ಕಿತೆನ್ನಿ. ಅದನ್ನು ಇಳಿಸಿಕೊಂಡು ಮುಂದೆ ಹೋಗಬೇಡಿ. ಅದನ್ನು ಹಂಚಿದವರ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ, ಅವರ ಹಂಚಿಕೆಯ ಫೋಲ್ಡರ್‌ಗಳನ್ನು ತೆರೆದು ನೋಡಿ. ಒಂದು ರಂಗಗೀತೆ ಇಟ್ಟವರ ಬಳಿ ಇನ್ನೂ ಹತ್ತಿರಬಹುದು, ಮತ್ತು ಅವುಗಳ ಹೆಸರುಗಳು ನೀವು ಊಹಿಸಲಾರದ ಕಾಗುಣಿತದಲ್ಲಿರುತ್ತವೆ. ಸರ್ಚ್ ಪೆಟ್ಟಿಗೆ ಎಂದೂ ತೋರಿಸದ ಸಂಗ್ರಹ ಹೀಗೆ ಕಣ್ಣಿಗೆ ಬೀಳುತ್ತದೆ. ಅವರಿಗೊಂದು ಸಂದೇಶ ಬರೆದು, ತಾವು ಯಾರು, ಏನು ಹುಡುಕುತ್ತಿದ್ದೀರಿ ಎಂದು ಹೇಳಿ. ಈ ಜಾಲದಲ್ಲಿ ಉಳಿದುಕೊಂಡಿರುವವರಲ್ಲಿ ಬಹಳ ಮಂದಿ ಸಂಗೀತದ ಬಗ್ಗೆ ನಿಜವಾದ ಒಲವುಳ್ಳವರು, ಕೇಳಿದರೆ ಉತ್ತರಿಸುತ್ತಾರೆ.

ಸರದಿಯ ವಿಷಯವೂ ಇದಕ್ಕೇ ಸೇರಿದ್ದು. ಟೊರೆಂಟ್‌ನಲ್ಲಿ ಒಂದು ಕಡತದ ತುಣುಕುಗಳು ಹಲವರಿಂದ ಬರುತ್ತವೆ. ಸೋಲ್‌ಸೀಕ್‌ನಲ್ಲಿ ಇಡೀ ಕಡತ ಒಬ್ಬರಿಂದಲೇ ಬರಬೇಕು, ಅವರು ಒಮ್ಮೆಗೆ ಒಬ್ಬರಿಬ್ಬರಿಗೆ ಮಾತ್ರ ಕೊಡುವಂತೆ ಮಿತಿ ಇಟ್ಟಿರುತ್ತಾರೆ. ಏನನ್ನೂ ಹಂಚದವರನ್ನು ಕೆಲವರು ತಡೆದೂ ಇಡುತ್ತಾರೆ. ಆದರೆ ವಾರವಿಡೀ ಅಲುಗದಿದ್ದರೆ ಜಾಲದ ಸಂಪರ್ಕದಲ್ಲಿಯೇ ತೊಡಕಿರಬಹುದು. ನಿಕೋಟಿನ್ ಪ್ಲಸ್ ಒಳಬರುವ ಸಂಪರ್ಕಗಳಿಗಾಗಿ ಒಂದು ಪೋರ್ಟನ್ನು, ಅಂದರೆ ಸಂಖ್ಯೆಯಿರುವ ಒಂದು ಬಾಗಿಲನ್ನು, ತೆರೆದಿಡುತ್ತದೆ, ಸಾಮಾನ್ಯವಾಗಿ ಅದು 2234. ನಿಮ್ಮ ರೂಟರ್ ಆ ಪೋರ್ಟಿಗೆ ದಾರಿ ಬಿಡದಿದ್ದರೆ, ಎದುರಿನವರ ರೂಟರ್ ಕೂಡ ಬಿಡದಿದ್ದರೆ, ಇಬ್ಬರೂ ಒಬ್ಬರನ್ನೊಬ್ಬರು ತಲುಪಲಾರರು. ರೂಟರಿನಲ್ಲಿ ಯುಪಿಎನ್‌ಪಿ (ಪೋರ್ಟನ್ನು ತಾನಾಗಿ ತೆರೆಯಿಸುವ ಸೌಲಭ್ಯ) ಚಾಲೂ ಇದ್ದರೆ ತಂತ್ರಾಂಶವೇ ದಾರಿ ಮಾಡಿಕೊಳ್ಳುತ್ತದೆ. ಮಿಂಟ್‌ನ ಫೈರ್‌ವಾಲ್ ಮೊದಲಿನಿಂದ ಚಾಲೂ ಆಗಿರುವುದಿಲ್ಲ, ನೀವು ಅದನ್ನು ಚಾಲೂ ಮಾಡಿದ್ದರೆ ಮಾತ್ರ ಅಲ್ಲಿಯೂ ಆ ಪೋರ್ಟನ್ನು ಬಿಡಬೇಕು. ನಮ್ಮಲ್ಲಿ ಇನ್ನೊಂದು ಅಡ್ಡಿಯಿದೆ. ಮೊಬೈಲ್ ಜಾಲಗಳೂ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳೂ ಒಂದೇ ಸಾರ್ವಜನಿಕ ಐಪಿ ವಿಳಾಸದ (ಜಾಲದಲ್ಲಿ ಗಣಕವನ್ನು ಗುರುತಿಸುವ ಸಂಖ್ಯೆಯ) ಹಿಂದೆ ಅನೇಕ ಮನೆಗಳನ್ನು ಕೂರಿಸುತ್ತವೆ. ರೂಟರಿನ ಸ್ಥಿತಿಪುಟದಲ್ಲಿ ಹೊರಗಿನ ವಿಳಾಸವು 100.64ರಿಂದ 100.127ರ ನಡುವಿನ ಅಂಕಿಗಳಿಂದ ಶುರುವಾಗಿದ್ದರೆ ನೀವೂ ಆ ಗುಂಪಿನಲ್ಲಿದ್ದೀರಿ. ಆಗ ರೂಟರಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ಕಂಪನಿಯಿಂದ ಪ್ರತ್ಯೇಕ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಪೋರ್ಟ್ ತೆರೆದಿರುವವರಿಂದ ಮಾತ್ರ ಹಾಡು ಸಿಗುತ್ತದೆ ಎಂದು ಒಪ್ಪಿಕೊಳ್ಳಬೇಕು. ಇದರ ಜೊತೆಗೆ ಒಂದು ಎಚ್ಚರಿಕೆ: ಸೋಲ್‌ಸೀಕ್‌ನ ಸಂದೇಶಗಳೂ ಕಡತಗಳೂ ಗೂಢಲಿಪೀಕರಣವಿಲ್ಲದೆ ಸಾಗುತ್ತವೆ. ಅಲ್ಲಿಯ ಪಾಸ್‌ವರ್ಡ್ ಬೇರೆಲ್ಲಿಯೂ ಬಳಸದಂಥದ್ದಾಗಿರಲಿ.

ಕಾನೂನಿನ ಬಗ್ಗೆ ಹೇಳುವಾಗ ನಾನು ಅಧಿನಿಯಮದಲ್ಲಿ ಬರೆದಿರುವುದಕ್ಕೇ ಅಂಟಿಕೊಳ್ಳುತ್ತೇನೆ. ಹಂಚಿಕೆಯ ತಂತ್ರಾಂಶವನ್ನು ಇಟ್ಟುಕೊಳ್ಳುವುದಾಗಲಿ ಬಳಸುವುದಾಗಲಿ ಭಾರತದಲ್ಲಿ ಅಪರಾಧವಲ್ಲ. ಲಿನಕ್ಸ್ ವಿತರಣೆಗಳೇ ಟೊರೆಂಟ್ ಮೂಲಕ ಹಂಚಿಕೆಯಾಗುತ್ತವೆ. ಪ್ರಶ್ನೆ ಏಳುವುದು ಏನನ್ನು ಹಂಚುತ್ತೀರಿ ಎಂಬಲ್ಲಿ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಕಲಂ ಖಾಸಗಿ ಅಥವಾ ಸ್ವಂತ ಉಪಯೋಗಕ್ಕಾಗಿ ಮಾಡುವ ನ್ಯಾಯಯುತ ಬಳಕೆಗೆ ವಿನಾಯಿತಿ ಕೊಡುತ್ತದೆ. ಅದನ್ನು ನಂಬಿ ‘ಕೇಳಲಿಕ್ಕಷ್ಟೇ ಇಳಿಸಿದೆ’ ಎನ್ನುವವರಿದ್ದಾರೆ. ಅಪರಿಚಿತರಿಂದ ಇಡೀ ಆಲ್ಬಮ್ ಇಳಿಸಿಕೊಳ್ಳುವುದು ನ್ಯಾಯಯುತ ಬಳಕೆ ಎನಿಸಿಕೊಳ್ಳುತ್ತದೆಂಬ ಭರವಸೆಯನ್ನು ಆ ಕಲಂ ಕೊಟ್ಟಿಲ್ಲ. ಬೇರೆಯವರಿಗೆ ಕೊಡುವುದಂತೂ ಸ್ವಂತ ಬಳಕೆಯ ಗೆರೆಯನ್ನು ದಾಟಿದ್ದೇ ಸರಿ, ಮತ್ತು ಹಂಚಿಕೆಯ ಜಾಲಗಳಲ್ಲಿ ಪಡೆಯುವುದೂ ಕೊಡುವುದೂ ಒಟ್ಟಿಗೇ ನಡೆಯುತ್ತವೆ. ಟೊರೆಂಟ್‌ನಲ್ಲಿ ನಿಮಗೆ ಬಂದ ತುಣುಕು ಆ ಕೂಡಲೇ ಮತ್ತೊಬ್ಬರಿಗೆ ಹೋಗಲು ಶುರುವಾಗುತ್ತದೆ. ಗೊತ್ತಿದ್ದೂ ಮಾಡಿದ ಉಲ್ಲಂಘನೆಗೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದಲ್ಲಿ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಹಳೆಯ ಹಾಡುಗಳ ವಿಷಯದಲ್ಲಿ ಜನ ಎಡವುವುದು ‘ಹಳೆಯದಾದರೆ ಎಲ್ಲರದ್ದೂ’ ಎಂಬ ನಂಬಿಕೆಯಲ್ಲಿ. ಒಂದು ಹಾಡಿನಲ್ಲಿ ಹಕ್ಕುಗಳು ಪದರ ಪದರವಾಗಿರುತ್ತವೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ಜನವರಿಯಿಂದ 60 ವರ್ಷ ನಡೆಯುತ್ತದೆ. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು ಭಾರತದಲ್ಲಿ 2020ರ ಕೊನೆಗೆ ಮುಗಿಯಿತು. ಆದರೆ ಸಾಹಿತ್ಯದ ಹಕ್ಕು ಕವಿಯ ಮರಣಾನಂತರ 60 ವರ್ಷ ಇರುತ್ತದೆ. ಕಾಳಿಂಗರಾಯರು ಬೇಂದ್ರೆ, ಕುವೆಂಪು ಅವರ ಕವಿತೆಗಳನ್ನು ಹಾಡಿದ್ದಾರೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಅಂದರೆ ರೆಕಾರ್ಡು ಎಷ್ಟೇ ಹಳೆಯದಾಗಿದ್ದರೂ ಅದರೊಳಗಿನ ಕವಿತೆಯ ಹಕ್ಕು 2041ರ, 2054ರ ಕೊನೆಯವರೆಗೆ ಅವರ ವಾರಸುದಾರರದ್ದು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಕವಿತೆಗಳು ಈ ಬಂಧದಿಂದ ಬಿಡುಗಡೆಯಾಗಿವೆ, ದಾಸರ ಪದಗಳ ಮೇಲೆ ಅಂಥ ಹಕ್ಕೇ ಇಲ್ಲ. ರಾಗಸಂಯೋಜನೆ ಮಾಡಿದವರ ಹಕ್ಕನ್ನೂ ಇದೇ ರೀತಿ ಬೇರೆಯಾಗಿ ಎಣಿಸಬೇಕು. ಆದ್ದರಿಂದ ನಿಮ್ಮ ಹುಡುಕಾಟದಲ್ಲಿ ಅತ್ಯಂತ ನಿಶ್ಚಿಂತವಾದ ಭಾಗ ಯಾವುದೆಂದರೆ, 1950ರ ದಶಕ ಮತ್ತು ಅದಕ್ಕೂ ಹಿಂದಿನ ರೆಕಾರ್ಡುಗಳಲ್ಲಿರುವ ದೇವರನಾಮಗಳು ಮತ್ತು ತ್ಯಾಗರಾಜಾದಿಗಳ ಕೃತಿಗಳು.

ಮಗನಿಗೆ ಮಾತ್ರ ಇಂದೇ ಫೋನು ಮಾಡಿ, ಕೃತಿಸ್ವಾಮ್ಯದ ಅವಧಿ ಮುಗಿಯದ ಸಂಗೀತವನ್ನು ಟೊರೆಂಟ್‌ನಲ್ಲಿ ಇಳಿಸಬೇಡವೆಂದು ಹೇಳಿ. ಟೊರೆಂಟ್ ಗುಂಪಿನಲ್ಲಿ ಪ್ರತಿಯೊಬ್ಬರ ಐಪಿ ವಿಳಾಸವೂ ಉಳಿದೆಲ್ಲರಿಗೆ ಕಾಣುತ್ತದೆ. ಜರ್ಮನಿಯಲ್ಲಿ ಹಕ್ಕುದಾರರ ಪರವಾಗಿ ಅಂಥ ವಿಳಾಸಗಳನ್ನು ಸಂಗ್ರಹಿಸಿ, ನ್ಯಾಯಾಲಯದ ಮೂಲಕ ಚಂದಾದಾರರ ಹೆಸರು ಪಡೆದು, ವಕೀಲರ ಮೂಲಕ ನೂರಾರು ಯೂರೋಗಳ ಬೇಡಿಕೆಯ ಪತ್ರ ಕಳುಹಿಸುವುದು ಬಹುಕಾಲದಿಂದ ನಡೆದುಬಂದಿರುವ ವ್ಯವಸ್ಥೆ. ನಮ್ಮ ಕಡೆಯಿಂದ ಓದಲು ಹೋದ ವಿದ್ಯಾರ್ಥಿಗಳು ಇದನ್ನು ಅರಿಯದೆ ಸಿಕ್ಕಿಬೀಳುತ್ತಾರೆ, ಊರಿನಲ್ಲಿ ಯಾರೂ ಕೇಳದಿದ್ದ ಕೆಲಸಕ್ಕೆ ಅಲ್ಲಿ ತಿಂಗಳ ಬಾಡಿಗೆಯಷ್ಟು ಹಣ ತೆರಬೇಕಾಗುತ್ತದೆ. ವಿಪಿಎನ್ ಹಾಕಿಕೊಂಡರೆ ಆಯಿತು ಎಂದು ಯಾರಾದರೂ ಹೇಳಿದರೆ, ಅದು ವಿಳಾಸವನ್ನು ಮರೆಮಾಡಬಹುದೇ ಹೊರತು ಮಾಡಿದ ಕೆಲಸದ ಸ್ವರೂಪವನ್ನು ಬದಲಿಸುವುದಿಲ್ಲ. ಜೊತೆಗೆ, 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಭಾರತದಲ್ಲಿ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಪಿಡಬೇಕು. ಬಿಟ್ಟಿ ವಿಪಿಎನ್‌ಗಳನ್ನು ನಂಬುವುದಂತೂ, ಒಬ್ಬ ಅಪರಿಚಿತನಿಗೆ ಹೆದರಿ ಇನ್ನೊಬ್ಬ ಅಪರಿಚಿತನ ಮನೆಯೊಳಗೆ ಹೊಕ್ಕಂತೆ.

ಹಾಗಾದರೆ ನಾನು ನಿಮ್ಮ ಜಾಗದಲ್ಲಿದ್ದರೆ ಎಲ್ಲಿಂದ ಶುರುಮಾಡುತ್ತಿದ್ದೆ? ಇಂಟರ್ನೆಟ್ ಆರ್ಕೈವ್‌ನಿಂದ. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಆ ಕಾಲದಿಂದ ಮುಂದಿನ 78 ಸುತ್ತಿನ (ನಿಮಿಷಕ್ಕೆ 78 ಬಾರಿ ತಿರುಗುವ) ಗ್ರಾಮಫೋನ್ ತಟ್ಟೆಗಳಲ್ಲಿ ಸಾಕಷ್ಟನ್ನು ಸಂಗ್ರಹಕಾರರು ಅಲ್ಲಿಗೆ ಏರಿಸಿದ್ದಾರೆ. ನಿಮಗೆ ಇಷ್ಟವಾಗುವ ಸಂಗತಿಯೆಂದರೆ, ಅಲ್ಲಿನ ಬಹುಪಾಲು ಸಂಗ್ರಹಗಳ ಬದಿಯಲ್ಲಿ ಟೊರೆಂಟ್ ಕೊಂಡಿಯೂ ಇರುತ್ತದೆ. ಅದನ್ನು ಟ್ರಾನ್ಸ್‌ಮಿಷನ್‌ನಲ್ಲಿ ತೆರೆದರೆ, ಬೇರೆ ಯಾರೂ ಆ ಹೊತ್ತಿನಲ್ಲಿ ಹಂಚುತ್ತಿಲ್ಲದಿದ್ದರೂ ಆರ್ಕೈವ್‌ನ ಸರ್ವರೇ ತುಣುಕುಗಳನ್ನು ಕೊಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಬಂದರೂ ಡೌನ್‌ಲೋಡ್ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಅಲ್ಲಿ ಇದೆಯೆಂದ ಮಾತ್ರಕ್ಕೆ ಮುಕ್ತವೆಂದು ತಿಳಿಯಬಾರದು. 78 ಸುತ್ತಿನ ರೆಕಾರ್ಡುಗಳನ್ನು ಏರಿಸಿದ ಯೋಜನೆಯ ಮೇಲೆಯೇ 2023ರಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಅಮೆರಿಕದಲ್ಲಿ ದಾವೆ ಹೂಡಿದ್ದವು. ಮೇಲೆ ಹೇಳಿದ ವರ್ಷಗಳ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಶಾಸ್ತ್ರೀಯ ಕಛೇರಿಗಳಿಗಾಗಿ ಸಂಗೀತಪ್ರಿಯ ಎಂಬ ತಾಣವನ್ನು ರಸಿಕರೇ ಲಾಭದ ಉದ್ದೇಶವಿಲ್ಲದೆ ನಡೆಸಿಕೊಂಡು ಬಂದಿದ್ದಾರೆ. ಇಲ್ಲೆಲ್ಲ ಹುಡುಕಿ ಸಿಗದೆ ಉಳಿದದ್ದಕ್ಕಾಗಿ ಸೋಲ್‌ಸೀಕ್‌ಗೆ ಬನ್ನಿ. ಅಲ್ಲಿಯೂ ಮಾರಾಟದಲ್ಲಿರುವ ಹಾಡನ್ನು ಬಿಟ್ಟು, ಎಲ್ಲಿಯೂ ಸಿಗದ, ಹಕ್ಕಿನ ಅವಧಿ ಮುಗಿದ ರೆಕಾರ್ಡುಗಳನ್ನು ಹುಡುಕಿ.

ಗುಣಮಟ್ಟದ ಬಗ್ಗೆ ಒಂದು ಮಾತು. ಎಂಪಿ3 ಹಾಡನ್ನೇ ಫ್ಲ್ಯಾಕ್ (ಧ್ವನಿಯ ಯಾವ ಅಂಶವನ್ನೂ ಬಿಡದೆ ಉಳಿಸುವ ಕಡತದ ಬಗೆ) ಆಗಿ ಬದಲಿಸಿ ‘ಮೂಲ ಪ್ರತಿ’ ಎಂದು ಹಂಚುವವರಿದ್ದಾರೆ. ಸ್ಪೆಕ್ ಎಂಬ ಸಣ್ಣ ತಂತ್ರಾಂಶದಲ್ಲಿ ಕಡತವನ್ನು ತೆರೆದರೆ ಧ್ವನಿಯ ಚಿತ್ರ ಕಾಣುತ್ತದೆ. 16 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಕತ್ತಿಯಿಂದ ಕತ್ತರಿಸಿದಂತೆ ನಿಂತಿದ್ದರೆ ಅದು 128 ಕಿಲೋಬಿಟ್ ಎಂಪಿ3ಯ ಮಗು. ಈ ಪರೀಕ್ಷೆಯನ್ನು 78 ಸುತ್ತಿನ ರೆಕಾರ್ಡುಗಳ ಮೇಲೆ ಕಣ್ಣುಮುಚ್ಚಿ ಮಾಡಬೇಡಿ. 1925ಕ್ಕಿಂತ ಹಿಂದೆ ತುತ್ತೂರಿಯೊಳಗೆ ಹಾಡಿ ಮುದ್ರಿಸಿದ ಆ ತಟ್ಟೆಗಳಲ್ಲಿ ಅಷ್ಟು ಎತ್ತರದ ಸ್ವರಾಂಶಗಳೇ ಇರಲಿಲ್ಲ, ಮೇಲೆ ಕಾಣುವುದು ಮುಳ್ಳು ಉಜ್ಜಿದ ಸದ್ದು ಮಾತ್ರ. ಅದನ್ನು ಪೂರ್ತಿ ಒರೆಸಿ ‘ಸ್ವಚ್ಛ’ಗೊಳಿಸಿದ ಪ್ರತಿಗಳಲ್ಲಿ ಗಾಯಕರ ಉಸಿರೂ ಒರೆಸಿಹೋಗಿರುತ್ತದೆ. ಸದ್ದಿರುವ ಪ್ರತಿಯನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಕೊನೆಯದಾಗಿ ನಿಮ್ಮ ಕ್ಯಾಸೆಟ್ಟುಗಳು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅದೇ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟುಗಳಿದ್ದರೆ ಅವುಗಳ ಹಕ್ಕು ಕಂಪನಿಯದ್ದು, ಅವನ್ನು ಹಂಚಬೇಡಿ. ರೇಡಿಯೋದಿಂದ ಮುದ್ರಿಸಿಕೊಂಡದ್ದರಲ್ಲಿ ಪ್ರಸಾರಕರ ಹಕ್ಕು 25 ವರ್ಷಗಳಿಗೆ ಮುಗಿಯುತ್ತದೆ, ಆದರೆ ಸಾಹಿತ್ಯದ, ಸಂಗೀತದ ಮತ್ತು ಇತರ ಹಕ್ಕುಗಳು ಉಳಿದುಕೊಂಡಿರಬಹುದು. ಕಛೇರಿಯಲ್ಲಿ ನೀವೇ ಕುಳಿತು ಮುದ್ರಿಸಿದ್ದು ಬೇರೆಯದೇ ಮಾತು. ‘ಯಾವ ಕಂಪನಿಯೂ ಪ್ರಕಟಿಸಿಲ್ಲ, ಹಾಗಾಗಿ ಯಾರದ್ದೂ ಅಲ್ಲ’ ಎಂಬ ತರ್ಕ ಸರಿಯಲ್ಲ. 1994ರ ತಿದ್ದುಪಡಿಯಿಂದ ಕಲಾವಿದರಿಗೇ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದಿದೆ, ಅದರ ಅವಧಿ ಈಗ 50 ವರ್ಷ. ತಿದ್ದುಪಡಿಗೂ ಹಿಂದಿನ ಕಛೇರಿಗಳಿಗೆ ಅದು ಅನ್ವಯಿಸುತ್ತದೆಯೇ ಎಂಬ ವಾದಕ್ಕೆ ಇಳಿಯುವುದಕ್ಕಿಂತ, ಆ ಗಾಯಕರನ್ನೋ ಅವರ ಮನೆಯವರನ್ನೋ ಒಂದು ಮಾತು ಕೇಳುವುದು ಸರಿಯಾದ ದಾರಿ. ತಂದೆಯ ದನಿಯೇ ತಮ್ಮ ಬಳಿ ಇಲ್ಲದ ಮಕ್ಕಳು ಸಂತೋಷದಿಂದ ಒಪ್ಪುವುದನ್ನು ನಾನು ಕಂಡಿದ್ದೇನೆ. ಒಪ್ಪಿಗೆ ಸಿಕ್ಕ ಮೇಲೆ ಅದನ್ನು ಸೋಲ್‌ಸೀಕ್‌ನಲ್ಲಿ ಮಾತ್ರ ಇಟ್ಟರೆ, ನಿಮ್ಮ ಲ್ಯಾಪ್‌ಟಾಪ್ ಮುಚ್ಚಿದಾಗ ಅದೂ ಕಾಣೆಯಾಗುತ್ತದೆ. ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದರೆ ನೀವು ಜಾಲದಲ್ಲಿ ಇಲ್ಲದಿದ್ದಾಗಲೂ ಸಿಗುತ್ತದೆ.

ಹೆಸರಿಡುವಾಗ ಗಾಯಕರು, ಪಕ್ಕವಾದ್ಯದವರು, ರಾಗ, ಊರು, ವರ್ಷಗಳನ್ನು ಕನ್ನಡ ಯೂನಿಕೋಡ್‌ನಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ ಎರಡು ಬಾರಿ ಬರೆಯಿರಿ. ಕನ್ನಡದಲ್ಲಿ ಬರೆದು ಹುಡುಕಿದಾಗ ನಿಮಗೆ ಕಂಡ ಖಾಲಿ ಪುಟ ಮುಂದಿನವರಿಗೆ ಕಾಣದಿರಲು ಅಷ್ಟು ಬೇಕು. ಕ್ಯಾಸೆಟ್ಟಿನ ಟೇಪು ಬೂಷ್ಟು ಹಿಡಿಯುವ ವಸ್ತು, ಸಾಗರದ ತೇವದ ಹವೆ ಅದಕ್ಕೆ ಆಗುವುದಿಲ್ಲ. ಹುಡುಕಾಟ ಒಂದೆರಡು ತಿಂಗಳು ಕಾದರೂ ನಡೆಯುತ್ತದೆ, ಮುದ್ರಣಗಳನ್ನು ಗಣಕಕ್ಕೆ ಇಳಿಸುವ ಕೆಲಸವನ್ನು ಈ ಮಳೆಗಾಲಕ್ಕೆ ಮುಂಚೆ, ಅತ್ಯಂತ ಹಳೆಯ ಕ್ಯಾಸೆಟ್ಟಿನಿಂದ ಆರಂಭಿಸಿ.